ಸ್ವಾರ್ಥ, ಲಾಭ, ಊರಿನ ಹಿತ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಸಂತೆಯಲ್ಲಿ, ಮದುವೆ ಮನೆಯಲ್ಲಿ, ಸಹಕಾರ ಸಂಘದ ಮಹಾಸಭೆ ಮುಗಿದ ಮೇಲೆ, ಕೆಲವು ಸಲ ಪತ್ರಗಳಲ್ಲಿ ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲ ಪ್ರಶ್ನೆಗಳು

ಸ್ವಾರ್ಥ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಅದರ ಬಗ್ಗೆ ಇಷ್ಟೊಂದು ಮಾತು ಯಾಕೆ?

ತೋಟಕ್ಕೆ ಗೊಬ್ಬರ ಹಾಕುತ್ತೀರಿ. ಮಗಳ ಫೀಸಿಗೆ ಹಣ ಕೂಡಿಡುತ್ತೀರಿ. ಕರಿಮೆಣಸಿಗೆ ನಾಲ್ಕು ಕಡೆ ರೇಟು ಕೇಳಿ, ಜಾಸ್ತಿ ಕೊಡುವವರಿಗೆ ಮಾರುತ್ತೀರಿ. ಇವೆಲ್ಲ ನಿಮ್ಮ ಹಿತಕ್ಕೇ ಮಾಡುವ ಕೆಲಸ. ಯಾರೂ ತಪ್ಪು ಅನ್ನುವುದಿಲ್ಲ, ಅನ್ನಲೂಬಾರದು. ಊರಿನ ಮುಕ್ಕಾಲು ಕೆಲಸ ನಡೆಯುವುದು ಹೀಗೆಯೇ.

ತಕರಾರು ಬರುವುದು ಬೇರೆ ಕಡೆ. ಲಾಭ ನನಗೆ ಬಂದು, ಅದರ ಖರ್ಚು ಪಕ್ಕದವರ ತಲೆ ಮೇಲೆ ಬಿದ್ದಾಗ. ಅಥವಾ 'ಬೇಡ' ಅನ್ನಲು ದಾರಿಯೇ ಇಲ್ಲದವರ ಜೊತೆ ವ್ಯವಹಾರ ಮಾಡಿದಾಗ. ಒಬ್ಬರನ್ನು ಸ್ವಾರ್ಥಿ ಎಂದು ಬೈಯುವ ಮೊದಲು ನಾನು ನೋಡುವುದು ಈ ಎರಡನ್ನೇ. ಮೂರನೆಯದೂ ಒಂದಿದೆ: ಆ ಮನುಷ್ಯ ಯಾವ ನಿಯಮದ ಕೆಳಗೆ ಬದುಕುತ್ತಿದ್ದಾನೆ? ಕೊಡಗಿನಲ್ಲಿ ನಾವು ದುರಾಸೆ ಎಂದು ಕರೆಯುವ ಎಷ್ಟೋ ನಡತೆಯನ್ನು ಹುಟ್ಟಿಸಿದ್ದು ಕೆಟ್ಟ ನಿಯಮಗಳು.

ದಾನ ಮಾಡೋನೂ ಪುಣ್ಯ ಸಿಗ್ಲಿ ಅಂತಾನೇ ಮಾಡ್ತಾನೆ. ಹಾಗಾದ್ರೆ ಎಲ್ಲವೂ ಸ್ವಾರ್ಥವೇ ಅಲ್ವಾ?

ಈ ಮಾತು ಕೇಳಲು ಚುರುಕಾಗಿದೆ. ಆದರೆ ಇದರಿಂದ ಏನೂ ತಿಳಿಯುವುದಿಲ್ಲ. ಕದ್ದವನೂ ಸ್ವಾರ್ಥಿ, ಕೊಟ್ಟವನೂ ಸ್ವಾರ್ಥಿ ಎಂದರೆ ಇಬ್ಬರ ನಡುವಿನ ವ್ಯತ್ಯಾಸ ಹೇಳಲು ಇನ್ನೊಂದು ಮಾತು ಹುಡುಕಬೇಕಾಗುತ್ತದೆ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜನ ಗುರುತಿಲ್ಲದವರಿಗೆ ಮನೆ ಬಾಗಿಲು ತೆರೆದರು. ಅಕ್ಕಿ, ಕಂಬಳಿ ಕೊಟ್ಟರು. ಹಗ್ಗ ಹಿಡಿದು ಕೆಸರಿಗೆ ಇಳಿದರು. ಆಮೇಲೆ ಅವರಿಗೆ ಸಮಾಧಾನ ಆಗಿರಬಹುದು. ಆದರೆ ಆ ಸಮಾಧಾನ ಬಂದದ್ದೇ ಎದುರಿನವರು ಬದುಕಲಿ ಅನ್ನುವ ಆಸೆ ಮೊದಲೇ ಇದ್ದದ್ದರಿಂದ. ಆ ಆಸೆ ಇಲ್ಲದವರಿಗೆ ಯಾರನ್ನು ಉಳಿಸಿದರೂ ಸಮಾಧಾನ ಆಗುತ್ತಿರಲಿಲ್ಲ.

ಸೈನ್ಯಕ್ಕೆ ಹೋಗೋರೂ ಸಂಬಳ, ಪೆನ್ಶನ್ನಿಗೇ ಹೋಗೋದು ಅಂತಾರೆ. ನಿಜವಾ?

ಸಂಬಳ, ಪೆನ್ಶನ್, ಕ್ಯಾಂಟೀನ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಬ್ಬ ಮನುಷ್ಯನಲ್ಲಿ ಎರಡು ಮೂರು ಕಾರಣ ಒಟ್ಟಿಗೇ ಇರುತ್ತವೆ, ಒಂದು ಇದ್ದರೆ ಇನ್ನೊಂದು ಸುಳ್ಳಾಗುವುದಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ವಾಯುಪಡೆಯ ಪೈಲಟ್. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್‌ಗೆ ಕಾರ್ಯಪ್ಪನವರು ವಿಭಜನೆಗೆ ಮೊದಲಿನ ಸೈನ್ಯದ ದಿನಗಳಿಂದಲೇ ಪರಿಚಯ. ವಿಶೇಷ ಉಪಚಾರದ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಯೋಧರೂ ಒಂದೇ ಅನ್ನುವುದು ಅವರ ನಿಲುವು. ಇಲ್ಲಿ ಲಾಭದ ಲೆಕ್ಕ ಹಾಕಿದರೆ ಉತ್ತರ ಸಿಗುವುದಿಲ್ಲ.

## ಮನೆ, ನೆರೆಹೊರೆ

ಪಕ್ಕದ ತೋಟದವರು ಸೋಲಾರ್ ಬೇಲಿ ಹಾಕಿದ್ರು. ಈಗ ಆನೆ ಎಲ್ಲಾ ನಮ್ಮ ಕಡೆಗೇ. ಇದು ಸ್ವಾರ್ಥ ಅಲ್ದೆ ಇನ್ನೇನು?

ಸಿದ್ದಾಪುರದಿಂದ ಪೊನ್ನಂಪೇಟೆವರೆಗೆ ಇದೇ ದೂರು. ಅವರು ತಮ್ಮ ಬಾಳೆ, ಕಾಫಿ ಗಿಡ ಉಳಿಸಿಕೊಂಡದ್ದು ತಪ್ಪಲ್ಲ. ಆದರೆ ಬೇಲಿಯಿಂದ ಆನೆ ಕಮ್ಮಿ ಆಗುವುದಿಲ್ಲ, ದಾರಿ ಬದಲಿಸುತ್ತದೆ ಅಷ್ಟೆ. ನಾಳೆ ನೀವು ಹಾಕುತ್ತೀರಿ, ನಾಡಿದ್ದು ನಿಮ್ಮ ಆಚೆಯವರು ಹಾಕುತ್ತಾರೆ. ಎಲ್ಲರ ದುಡ್ಡೂ ಹೋಗುತ್ತದೆ. ಕೊನೆಗೆ ಆನೆ ಬಂದು ನಿಲ್ಲುವುದು ಬೇಲಿ ಹಾಕಲು ಕೈಲಾಗದ ಬಡವರ ಅಂಗಳದಲ್ಲಿ, ಇಲ್ಲವೇ ಶಾಲೆಗೆ ಹೋಗುವ ರಸ್ತೆಯಲ್ಲಿ.

ಕಾಡಂಚಿನ ಉದ್ದಕ್ಕೂ ಒಟ್ಟಾಗಿ ತಡೆ ಹಾಕಿದರೆ ಮಾತ್ರ ಇದಕ್ಕೆ ಅರ್ಥ. ಅರಣ್ಯ ಇಲಾಖೆಯ ಕಂದಕ, ರೈಲ್ವೆ ಕಂಬಿ ಬೇಲಿಯ ಲೆಕ್ಕವೂ ಅದೇ. ನಡುವೆ ಒಂದು ಕಡೆ ಬಿಟ್ಟರೆ ಉಳಿದದ್ದೆಲ್ಲ ದಂಡ. ಪಕ್ಕದವರ ಜೊತೆ ಜಗಳ ಆಡುವ ಬದಲು ಅವರನ್ನೂ ಕರೆದುಕೊಂಡು ಇಲಾಖೆಗೆ ಹೋಗಿ. ಅವರ ಬೇಲಿಯ ಬ್ಯಾಟರಿಯೂ ಒಂದು ದಿನ ಕೆಡುತ್ತದೆ, ಆಗ ಅವರಿಗೂ ನೀವು ಬೇಕು.

ಐನ್‌ಮನೆ ಮಾಡು ಸೋರ್ತಿದೆ, ದುಡ್ಡು ಕೊಡೋಕೆ ಯಾರೂ ಇಲ್ಲ. ಹಬ್ಬಕ್ಕೆ ಮಾತ್ರ ಎಲ್ಲ ಬರ್ತಾರೆ. ಏನು ಮಾಡೋದು?

ಐನ್‌ಮನೆ ಅಂದರೆ ಇಡೀ ಒಕ್ಕಕ್ಕೆ, ಅಂದರೆ ಒಂದು ಮನೆತನಕ್ಕೆ, ಸೇರಿದ ಮೂಲ ಮನೆ. ಎಲ್ಲರದ್ದಾದದ್ದು ಯಾರದ್ದೂ ಅಲ್ಲ ಅನ್ನುವ ಸ್ಥಿತಿ ಇದು. ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ, ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ವಾದಿಸಿದರು. ಎಲಿನರ್ ಆಸ್ಟ್ರಮ್ ಎಂಬ ವಿದ್ವಾಂಸೆ ಊರೂರು ನೋಡಿ ಬೇರೆಯದನ್ನೇ ಹೇಳಿದರು. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ನೇಪಾಳದ ನೀರಿನ ಕಾಲುವೆ, ಜಪಾನಿನ ಹಳ್ಳಿಯ ಕಾಡುಗಳನ್ನು ಜನರೇ ಸೇರಿ ಚೆನ್ನಾಗಿ ಉಳಿಸಿಕೊಂಡಿದ್ದರು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಅರ್ಥಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು.

ಅವರು ಕಂಡದ್ದು ಸರಳ. ಯಾರು ಒಳಗಿನವರು ಎಂದು ಗೊತ್ತಿರಬೇಕು. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಎಲ್ಲರಿಗೂ ಕಾಣಬೇಕು. ನಿಯಮ ಮಾಡುವಾಗ ಕೊಡುವವರ ಮಾತೂ ನಡೆಯಬೇಕು. ಒಕ್ಕದಲ್ಲಿ ಮೊದಲನೆಯದು ತಾನಾಗಿಯೇ ಇದೆ. ಉಳಿದ ಎರಡು ಕಡೆ ನಾವು ಸೋಲುತ್ತೇವೆ. ಮನೆತನದ ಹಿರಿಯರಾದ ಪಟ್ಟೆದಾರರೊಬ್ಬರೇ ತೀರ್ಮಾನಿಸಿ, ಬೆಂಗಳೂರಿನಲ್ಲಿರುವ ಹುಡುಗರಿಗೆ ಬರೀ ಮೊತ್ತ ತಿಳಿಸಿದರೆ ದುಡ್ಡು ಬರುವುದಿಲ್ಲ. ಲೆಕ್ಕವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಹೆಂಚು ಹಾಕಬೇಕಾ, ತಗಡು ಸಾಕಾ ಅನ್ನುವುದನ್ನು ಅವರ ಹತ್ತಿರವೂ ಕೇಳಿ.

ಮರ್ಯಾದೆಯೂ ಒಂದು ದೊಡ್ಡ ಲಾಭ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬ ನೋಡಿ. ಒಂದೊಂದು ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಡಿದವು. ಅಲ್ಲಿ ಜನ ಬರುವುದು ದುಡ್ಡಿನ ಲಾಭಕ್ಕಲ್ಲ. ಮನೆತನದ ಹೆಸರಿದೆ, ಅದಕ್ಕೆ ಜನ ತಿಂಗಳುಗಟ್ಟಲೆ ದುಡಿಯುತ್ತಾರೆ.

ಶ್ರಮದಾನಕ್ಕೆ ಬರದವರಿಗೆ ದಂಡ ಹಾಕಿದ್ರೆ ಸರಿಹೋಗುತ್ತಾ?

ಹುಷಾರು. ಇಸ್ರೇಲಿನ ಹೈಫಾದಲ್ಲಿ ಒಂದು ಪ್ರಯೋಗ ನಡೆಯಿತು, 2000ರಲ್ಲಿ ಅದರ ವರದಿ ಬಂತು. ಶಿಶುವಿಹಾರದಿಂದ ಮಗುವನ್ನು ತಡವಾಗಿ ಕರೆದೊಯ್ಯುವ ತಂದೆತಾಯಿಗೆ ಸಣ್ಣ ದಂಡ ಹಾಕಿದರು. ತಡ ಮಾಡುವವರು ಜಾಸ್ತಿಯಾದರು! ಮೊದಲು ಟೀಚರಿಗೆ ತೊಂದರೆ ಆಗುತ್ತದೆ ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ದುಡ್ಡು ಕೊಟ್ಟರಾಯಿತು ಎಂದಾಯಿತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ.

ನಮ್ಮ ಊರಿನ ರಸ್ತೆ ಕೆಲಸಕ್ಕೂ ಇದೇ ಆಗಬಹುದು. ಐನೂರು ರೂಪಾಯಿ ದಂಡ ಹಾಕಿದರೆ ಉಳ್ಳವರು ಐನೂರು ಕೊಟ್ಟು ಮನೆಯಲ್ಲಿರುತ್ತಾರೆ. ಗುದ್ದಲಿ ಹಿಡಿಯುವುದು ಬಡವರ ಪಾಲಿಗೆ ಉಳಿಯುತ್ತದೆ.

## ತೋಟ, ವ್ಯಾಪಾರ

ಕಾಫಿ ಬೋರ್ಡಿನ ಪೂಲ್ ಕಾಲ ಒಳ್ಳೆದಿತ್ತಾ, ಈಗಿನ ಮಾರ್ಕೆಟ್ಟಾ?

ಹಿರಿಯರು ಇದನ್ನು ಕೇಳದ ಸಭೆಯೇ ಇಲ್ಲ. ಪೂಲ್ ಬಂದದ್ದು 1940ರ ದಶಕದಲ್ಲಿ. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿತ್ತು. ಬೆಳೆದ ಕಾಫಿಯನ್ನೆಲ್ಲ ಬೋರ್ಡಿಗೇ ಕೊಡಬೇಕು, ಬೋರ್ಡು ಮಾರಿ ಹಣ ಹಂಚಬೇಕು. ಆ ಹೊತ್ತಿಗೆ ಅದು ಬೆಳೆಗಾರರನ್ನು ಉಳಿಸಿತು. ಆದರೆ ಯುದ್ಧ ಮುಗಿದು ದಶಕಗಳು ಕಳೆದರೂ ವ್ಯವಸ್ಥೆ ಹಾಗೆಯೇ ಮುಂದುವರಿಯಿತು. ಹಣ ಕಂತು ಕಂತಾಗಿ, ತಡವಾಗಿ ಬರುತ್ತಿತ್ತು. ಒಳ್ಳೆಯ ಕಾಫಿ ಮಾಡಿದವರಿಗೆ ಆ ಶ್ರಮಕ್ಕೆ ತಕ್ಕ ಬೆಲೆ ಸಿಗುತ್ತಿರಲಿಲ್ಲ. ಹಾಗಿದ್ದ ಮೇಲೆ ಕಣದಲ್ಲಿ ಯಾಕೆ ಜಾಸ್ತಿ ಮೈ ಮುರಿಯಬೇಕು?

1990ರ ದಶಕದಲ್ಲಿ ಹಂತ ಹಂತವಾಗಿ ಬಿಗಿ ಸಡಿಲಿಸಿ, 1996ಕ್ಕೆ ಪೂರ್ತಿ ಮುಕ್ತ ಮಾಡಿದರು. ಗುಣಮಟ್ಟ ಏರಿತು. ಸಣ್ಣ ಬೆಳೆಗಾರರೂ ದಿನದ ರೇಟು ಕೇಳಿ ಮಾರಲು ಕಲಿತರು. ಇದು ಸ್ವಹಿತದ ಒಳ್ಳೆಯ ಮುಖ. ಆದರೆ 2000ದ ಆಸುಪಾಸು ಜಗತ್ತಿನ ಬೆಲೆ ಕುಸಿದಾಗ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಸಾಲ ಮಾಡಿದ ಎಷ್ಟೋ ಮನೆಗಳು ತೋಟ ಮಾರಿದವು. ಈಚೆಗೆ ವಿಯೆಟ್ನಾಮಿನಲ್ಲಿ ಬೆಳೆ ಕಮ್ಮಿಯಾಗಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿತು. ಅದು ಯಾರ ಜಾಣತನವೂ ಅಲ್ಲ, ಬೆಲೆ ಏರಿದ ಹಾಗೆಯೇ ಇಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಮುಕ್ತ ಮಾರುಕಟ್ಟೆಯೇ ಸರಿ. ಪೂಲ್ ವಾಪಸ್ ಬರಬಾರದು. ಆದರೆ ಎರಡು ಎಕರೆಯವರು ಒಬ್ಬೊಬ್ಬರೇ ಹೋಗಿ ವ್ಯಾಪಾರಿಯ ತೂಕ, ತೇವಾಂಶ, ಔಟ್‌ಟರ್ನ್ (ಒಣ ಕಾಯಿಯಲ್ಲಿ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ಲೆಕ್ಕವನ್ನು ಸುಮ್ನೆ ಒಪ್ಪಿಕೊಂಡು ಬರುವುದನ್ನು ಮುಕ್ತ ಮಾರುಕಟ್ಟೆ ಅನ್ನಲಾಗದು. ಸಂಘದಲ್ಲಿ ಒಂದು ತೇವಾಂಶ ಮೀಟರ್, ಒಂದು ಸರಿಯಾದ ತಕ್ಕಡಿ ಇದ್ದರೆ ಅರ್ಧ ಜಗಳ ಮುಗಿಯುತ್ತದೆ.

ಎಲ್ಲರೂ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕ್ತಿದ್ದಾರೆ. ಬೆಳೆಗಾರರಿಗೆ ದುರಾಸೆ ಅಲ್ವಾ?

ಮರದ ಹಕ್ಕು ಯಾರದು ಅನ್ನುವುದನ್ನು ಮೊದಲು ನೋಡಿ. ಅನ್‌ರಿಡೀಮ್ಡ್ ಜಾಗದಲ್ಲಿ, ಅಂದರೆ ಮರದ ಬೆಲೆಯನ್ನು ಸರಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ, ಬೀಟೆ, ನಂದಿ, ಮತ್ತಿ, ಹೊನ್ನೆಯಂಥ ಮರಗಳು ಸರಕಾರದ್ದು. ಅಜ್ಜನ ಕಾಲದಿಂದ ಕಾಪಾಡಿದ್ದರೂ ಅಷ್ಟೆ. ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮರದ ಬೆಲೆಯನ್ನು ಸರಕಾರಕ್ಕೆ ಕಟ್ಟಬೇಕು. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಈ ತಲೆನೋವಿಲ್ಲ. 1976ರ ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿದೆ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಗಳ ಮದುವೆಗೆ ಮಾರಬಹುದು.

ಈಗ ತೋಟದಲ್ಲಿ ತಾನಾಗಿ ಹುಟ್ಟಿದ ಒಂದು ಬೀಟೆ ಸಸಿ ಕಂಡರೆ ಬೆಳೆಗಾರ ಏನು ಮಾಡಬೇಕು? ಅದು ದೊಡ್ಡದಾದರೆ ಜಾಗವೂ ಹೋಯಿತು, ಮರವೂ ತನ್ನದಲ್ಲ. ಹಾಗಾಗಿ ಕಳೆಯ ಜೊತೆ ಅದನ್ನೂ ಸವರುತ್ತಾರೆ. ಮರ ಉಳಿಸಲು ಮಾಡಿದ ನಿಯಮ ಸಸಿಯನ್ನು ಕೊಲ್ಲುತ್ತಿದೆ. ನನಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ. ಕಾಡುಮರದ ನೆರಳಿನಲ್ಲಿ ಜೇನು, ಹಕ್ಕಿ, ತೇವ, ಮಣ್ಣು ಎಲ್ಲವೂ ಉಳಿಯುತ್ತವೆ. ನಾವು ಕೊಡಗು ಅನ್ನುವುದೇ ಆ ನೆರಳನ್ನು. ಬೆಳೆಸಿದವರಿಗೆ ಮರದ ಮೇಲೆ ನಿಜವಾದ ಹಕ್ಕು, ಒಂದು ಕಡಿದರೆ ಇಷ್ಟು ನೆಡಬೇಕು ಎಂಬ ಕಟ್ಟುನಿಟ್ಟು, ಎರಡೂ ಒಟ್ಟಿಗೆ ಬರಬೇಕು. ಹಕ್ಕು ಮಾತ್ರ ಕೊಟ್ಟರೆ ಒಂದೇ ವರ್ಷದಲ್ಲಿ ಲಾರಿಗಳು ಸಾಲು ನಿಲ್ಲುತ್ತವೆ ಅನ್ನುವ ಭಯವೂ ಸುಳ್ಳಲ್ಲ.

ಕೊಯ್ಲಿನವರು ಹಸಿರು ಕಾಯಿಯನ್ನೂ ಸವರಿ ಹಾಕ್ತಾರೆ. ನಿಯತ್ತೇ ಇಲ್ಲ.

ಕೂಲಿ ಕೆ.ಜಿ. ಲೆಕ್ಕದಲ್ಲಿ ಕೊಟ್ಟು, ಹಣ್ಣು ಮಾತ್ರ ಆರಿಸಿ ಅನ್ನುತ್ತೇವೆ. ನೀವೇ ಆ ಬುಟ್ಟಿ ಕಟ್ಟಿಕೊಂಡಿದ್ದರೆ ಏನು ಮಾಡುತ್ತಿದ್ದಿರಿ? ಹಣ್ಣಿಗೆ ಬೇರೆ ದರ ಇಡಿ, ಇಲ್ಲವೇ ಮೊದಲ ಸುತ್ತಿಗೆ ದಿನಗೂಲಿ ಕೊಡಿ.

ಲೈನ್ ಮನೆಯವರು ಒಪ್ಪಿಕೊಂಡೇ ಕೆಲಸ ಮಾಡ್ತಾರೆ. ನಮಗೂ ಲಾಭ, ಅವರಿಗೂ ಲಾಭ. ತಪ್ಪೇನು?

ಒಪ್ಪಿಗೆಗೆ ಬೆಲೆ ಬರುವುದು ಬೇಡ ಅನ್ನಲು ಸಾಧ್ಯವಿದ್ದಾಗ. ಲೈನ್ ಮನೆ, ಅಂದರೆ ಕೆಲಸಗಾರರಿಗೆಂದು ತೋಟದಲ್ಲಿ ಸಾಲಾಗಿ ಕಟ್ಟಿದ ಮನೆ, ತೋಟದವರದ್ದು. ಕೆಲಸ ಬಿಟ್ಟರೆ ಮನೆ ಬಿಡಬೇಕು. ಮನೆ ಬಿಟ್ಟರೆ ರೇಷನ್ ಕಾರ್ಡಿಗೆ ವಿಳಾಸ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ. ಮೇಲೆ ಮುಂಗಡ ಸಾಲ ಬೇರೆ. ಸಾಲ ತೀರುವವರೆಗೆ ಹೋಗುವಂತಿಲ್ಲ ಎಂದು ಹಿಡಿದಿಟ್ಟರೆ 1976ರ ಜೀತಪದ್ಧತಿ ರದ್ದತಿ ಕಾಯ್ದೆಯಡಿ ಅದು ಅಪರಾಧ. ಎಲ್ಲ ತೋಟಗಳೂ ಹೀಗಿಲ್ಲ. ಒಳ್ಳೆಯ ಮನೆ ಕಟ್ಟಿಕೊಟ್ಟು, ಮಕ್ಕಳನ್ನು ಓದಿಸಿದ ಸಾಹುಕಾರರನ್ನೂ ನೋಡಿದ್ದೇನೆ. ಆದರೆ ಒಳ್ಳೆಯ ಸಾಹುಕಾರ ಸಿಕ್ಕರೆ ಸರಿ, ಇಲ್ಲದಿದ್ದರೆ ಹಣೆಬರಹ ಅನ್ನುವುದು ನ್ಯಾಯ ಆಗುವುದಿಲ್ಲ.

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ಹಲವರಿಗೆ ಸಿಟ್ಟು ಬಂದದ್ದು ಅವರ ಮೇಲೆಯೇ. ಲೈನ್ ಮನೆ ಬಿಟ್ಟು ಯಾಕೆ ಬಂದರು ಎಂದು ಕೇಳಿದರು. ಬಂದದ್ದು ತಮ್ಮದು ಅನ್ನುವ ಒಂದು ತುಂಡು ನೆಲಕ್ಕಾಗಿ. ನಾವು ಜಮ್ಮಾ ಹಕ್ಕಿಗೆ, ಅಂದರೆ ವಂಶದಿಂದ ಬಂದ ಭೂಮಿಯ ಹಕ್ಕಿಗೆ, ತಲೆಮಾರುಗಟ್ಟಲೆ ಹೋರಾಡಿದವರು. ಈ ಆಸೆ ನಮಗೆ ಎಲ್ಲರಿಗಿಂತ ಬೇಗ ಅರ್ಥ ಆಗಬೇಕಿತ್ತು. ಸ್ವಂತ ಜಾಗ ಇರುವ ಕೆಲಸಗಾರ ಕೂಲಿ ಜಾಸ್ತಿ ಕೇಳುತ್ತಾನೆ, ನಿಜ. ಕೇಳಲಿ. ನಿಜವಾದ ವ್ಯಾಪಾರ ಶುರುವಾಗುವುದೇ ಆಗ.

ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ರೆ ಕೈತುಂಬ ದುಡ್ಡು ಸಿಗುತ್ತೆ. ಕೊಡಬಾರದಾ?

ಒಂದೆರಡು ಹಂಗಾಮಿಗೆ ಬಂದವರಿಗೆ ಆಮೇಲೆ ಆ ಮಣ್ಣು ಏನಾದರೂ ನಷ್ಟವಿಲ್ಲ. ನಿಮಗೆ ಇದೆ. ಕೊಡಲೇಬೇಕಾದರೆ ಯಾವ ಔಷಧಿ, ಎಷ್ಟು, ನೀರು ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಪತ್ರದಲ್ಲೇ ಬರೆಸಿ. ಕೆಳಗಿನ ಗದ್ದೆಯವರನ್ನೂ ಒಂದು ಮಾತು ಕೇಳಿ.

## ರಾಜಕೀಯ

ರಾಜಕಾರಣಿಗಳೆಲ್ಲ ತಮ್ಮ ಹೊಟ್ಟೆ ತುಂಬಿಸಿಕೊಳ್ಳೋರೇ. ಒಳ್ಳೆಯವರನ್ನ ಆರಿಸಿದ್ರೆ ಸಾಕಲ್ವಾ?

ಒಳ್ಳೆಯವರನ್ನು ಆರಿಸಲೇಬೇಕು. ಅಷ್ಟೇ ಸಾಲದು. ಜೇಮ್ಸ್ ಬುಕಾನನ್ ಎಂಬ ಅರ್ಥಶಾಸ್ತ್ರಜ್ಞರಿಗೆ 1986ರಲ್ಲಿ ನೊಬೆಲ್ ಬಂತು. ಅಂಗಡಿಯಲ್ಲಿ ತನ್ನ ಹಿತ ನೋಡುವ ಮನುಷ್ಯ ಸರಕಾರದ ಕುರ್ಚಿಯಲ್ಲಿ ಕೂತ ಕೂಡಲೇ ಸಂತ ಆಗುವುದಿಲ್ಲ ಎಂಬುದು ಅವರ ವಾದದ ಬುಡ. ಹಾಗಾಗಿ ನಿಯಮವನ್ನು ಸಾಧಾರಣ ಮನುಷ್ಯನನ್ನು ನೆನೆದೇ ಮಾಡಬೇಕು.

ನಿಯಮ ಮಾಡಿದ ಮೇಲೂ ಸ್ವಾರ್ಥ ಸಂದು ಹುಡುಕುತ್ತದೆ. ಪಕ್ಷಾಂತರ ತಡೆಯಲು 1985ರಲ್ಲಿ ಕಾನೂನು ಬಂತು. ಮೂರನೇ ಒಂದು ಭಾಗ ಒಟ್ಟಿಗೆ ಒಡೆದು ಹೋದರೆ ತಪ್ಪಿಲ್ಲ ಎಂಬ ವಿನಾಯಿತಿ ಇತ್ತು, ಗುಂಪಾಗಿ ಹೋದರು. 2003ರಲ್ಲಿ ಅದನ್ನು ತೆಗೆದರು. 2019ರಲ್ಲಿ ನಮ್ಮ ರಾಜ್ಯದಲ್ಲೇ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದರೂ ಉಪಚುನಾವಣೆಗೆ ನಿಲ್ಲಲು ಬಿಟ್ಟಿತು. ಹಲವರು ಗೆದ್ದು ಮಂತ್ರಿಯಾದರು.

ನಮ್ಮ ಕೈಯಲ್ಲಿರುವುದು ಹತ್ತಿರದ್ದು. ಗ್ರಾಮಸಭೆಗೆ ಹೋಗಿ. 2005ರ ಮಾಹಿತಿ ಹಕ್ಕಿನಲ್ಲಿ ರಸ್ತೆ ಕಾಮಗಾರಿಯ ಬಿಲ್ಲು ಕೇಳಿ. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಡಾಂಬರು ಸ್ವಲ್ಪ ದಪ್ಪ ಬೀಳುತ್ತದೆ.

ಕೊಡಗನ್ನ ವಿಧಾನಸೌಧದಲ್ಲಿ ಯಾರೂ ಕೇಳಲ್ಲ ಯಾಕೆ?

ಲೆಕ್ಕ ನೋಡಿ. 1952ರಲ್ಲಿ ಕೂರ್ಗ್ ಪ್ರತ್ಯೇಕ ರಾಜ್ಯ. ವಿಧಾನಸಭೆಗೆ 24 ಸದಸ್ಯರು, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಮೈಸೂರಿನ ಜೊತೆ ವಿಲೀನ ಬೇಡ ಅಂದವರು ತಕ್ಕಡಿ ಗುರುತಿನಲ್ಲಿ ನಿಂತಿದ್ದರು. 1956ರ ನವೆಂಬರ್ 1ಕ್ಕೆ ವಿಲೀನ ಆಯಿತು. ಈಗ 224ರಲ್ಲಿ ನಮ್ಮವರು ಇಬ್ಬರು, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಮೂವರಿದ್ದರು. ಲೋಕಸಭೆಗೆ ಮೈಸೂರಿನ ಜೊತೆ ಸೇರಿದ್ದೇವೆ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಎರಡು ನಮ್ಮದು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 5,54,519.

ವೋಟು ಎಣಿಸುವ ರಾಜಕಾರಣಿ ಮೈಸೂರಿನ ಕಡೆ ಜಾಸ್ತಿ ಓಡಾಡಿದರೆ ಅದು ದ್ವೇಷ ಅಲ್ಲ, ಲೆಕ್ಕ. ಸಂಖ್ಯೆಯಲ್ಲಿ ನಾವು ಗೆಲ್ಲಲಾರೆವು. ಒಟ್ಟಾಗಿ ಒಂದೇ ಬೇಡಿಕೆ ಇಟ್ಟರೆ ಮಾತ್ರ ಕೇಳಿಸುತ್ತದೆ. ಕೊಡವರದ್ದೊಂದು, ಅರೆಭಾಷೆ ಗೌಡರದ್ದೊಂದು, ಕಾರ್ಮಿಕರದ್ದೊಂದು, ಆದಿವಾಸಿಗಳದ್ದೊಂದು ಎಂದು ಬೇರೆ ಬೇರೆ ಮನವಿ ಹಿಡಿದು ಹೋದರೆ ಅವರು ಎಲ್ಲವನ್ನೂ ಪಕ್ಕಕ್ಕಿಡುತ್ತಾರೆ.

ಗ್ಯಾರಂಟಿ ನೋಡಿ ವೋಟು ಹಾಕೋದು ಲಂಚ ತಗೊಂಡ ಹಾಗಲ್ವಾ?

ಅಲ್ಲ. ರಾತ್ರಿ ಬಂದು ಕವರ್ ಕೊಡುವುದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಭ್ರಷ್ಟಾಚಾರ. ಬಹಿರಂಗವಾಗಿ ಹೇಳಿ, ವೋಟು ಹಾಕದವರಿಗೂ ಸಿಗುವ ಯೋಜನೆ ಬೇರೆ. ಅದಕ್ಕೆ ಹಣ ಎಲ್ಲಿಂದ ಎಂದು ಕೇಳುವುದು ಸರಿ. ಬಸ್ಸಿನಲ್ಲಿ ಉಚಿತವಾಗಿ ಹೋಗುವ ಕೂಲಿ ಹೆಂಗಸನ್ನು ಸ್ವಾರ್ಥಿ ಎಂದು, ಸಾಲಮನ್ನಾ ಕೇಳುವ ನಮ್ಮನ್ನು ಅನ್ನದಾತ ಎಂದು ಕರೆಯುವುದು ಸರಿಯಲ್ಲ.

## ಇನ್ನೂ ಸ್ವಲ್ಪ ಆಳಕ್ಕೆ

ಪ್ರತಿಯೊಬ್ಬರೂ ತಮ್ಮ ಲಾಭ ನೋಡಿಕೊಂಡ್ರೆ ಸಮಾಜ ತಾನಾಗೇ ಉದ್ಧಾರ ಆಗುತ್ತೆ ಅಂತ ಆಡಂ ಸ್ಮಿತ್ ಹೇಳಿಲ್ವಾ?

ಅರ್ಧ ಹೇಳಿದ್ದಾರೆ. ಕಟುಕ, ರೊಟ್ಟಿ ಸುಡುವವ ನಮಗೆ ಊಟ ಒದಗಿಸುವುದು ದಯೆಯಿಂದಲ್ಲ, ಅವರವರ ಹಿತಕ್ಕೆ ಎಂದು 1776ರಲ್ಲಿ ಬರೆದವರು ಅವರೇ. ಆದರೆ ಒಂದೇ ವ್ಯಾಪಾರದವರು ಸೇರಿದಾಗ ಮಾತು ಗಿರಾಕಿಗಳ ವಿರುದ್ಧದ ಸಂಚಿನಲ್ಲಿ ಮುಗಿಯುತ್ತದೆ ಎಂದು ಎಚ್ಚರಿಸಿದ್ದೂ ಅವರೇ. ಅದಕ್ಕೂ ಮೊದಲು, 1759ರಲ್ಲಿ, ಇನ್ನೊಬ್ಬರ ನೋವು ನಮಗೆ ಹೇಗೆ ತಟ್ಟುತ್ತದೆ ಎಂಬುದರ ಬಗ್ಗೆಯೇ ಉದ್ದಕ್ಕೂ ಬರೆದಿದ್ದರು.

ಗುಡ್ಡದ ವಿಷಯದಲ್ಲಿ ತಾನಾಗೇ ಉದ್ಧಾರ ಅನ್ನುವ ಮಾತು ಪೂರ್ತಿ ಸೋಲುತ್ತದೆ. ನೋಟ ಚೆನ್ನಾಗಿದೆ ಎಂದು ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಹೋಮ್‌ಸ್ಟೇ ಕಟ್ಟುತ್ತಾರೆ. ಬಾಡಿಗೆ ಮೇಲಿನವರಿಗೆ, ಮಣ್ಣು ಬೀಳುವುದು ಕೆಳಗಿನವರ ಮೇಲೆ. 2018ರ ಕುಸಿತದ ನಂತರ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ಇಳಿಜಾರು ಕಡಿದದ್ದನ್ನು ಒಂದು ಕಾರಣವಾಗಿ ತೋರಿಸಿದರು. ಕೆಳಗಿನ ಮನೆಯವರ ಜೀವದ ಬೆಲೆ ಆ ಬಾಡಿಗೆಯ ದರದಲ್ಲಿ ಸೇರಿಲ್ಲ. ಇಂಥ ಕಡೆ ಅನುಮತಿ ಕೊಡದೆ ಇರುವ ಪಂಚಾಯಿತಿ ಬೇಕು. ಒತ್ತಡ ಬಂದರೂ ಕೊಡದೆ ಇರಬೇಕು.

ಬೆಂಗಳೂರಿನವರಿಗೆ ಕಾವೇರಿ ನೀರು ಬೇಕು. ಅದಕ್ಕೆ ನಾನ್ಯಾಕೆ ನಷ್ಟ ಮಾಡ್ಕೊಂಡು ಗದ್ದೆ ಮಾಡ್ಲಿ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಮಳೆಗಾಲದಲ್ಲಿ ಏರಿ ಕಟ್ಟಿದ ಗದ್ದೆಯಲ್ಲಿ ನೀರು ನಿಂತು ಇಂಗುತ್ತದೆ. ಬೇಸಿಗೆಯಲ್ಲಿ ತೋಡು ಹರಿಯುವುದು ಆ ನೀರಿನಿಂದ. ಗದ್ದೆ ಪಾಳು ಬಿಟ್ಟರೆ, ಮಣ್ಣು ತುಂಬಿ ಲೇಔಟ್ ಮಾಡಿದರೆ ನೀರು ಒಂದೇ ಸಲ ಹೊಳೆಗೆ ಓಡುತ್ತದೆ. ಲಾಭ ಇಡೀ ಕಣಿವೆಗೆ, ನಷ್ಟ ಗದ್ದೆಯ ಯಜಮಾನರಿಗೆ. ಕೂಲಿ ಏರಿದೆ, ಆಳು ಸಿಗುವುದಿಲ್ಲ, ಹಂದಿ ಆನೆ ಕಾಟ ಬೇರೆ. ತಾಯಿ ಕಾವೇರಿಯ ಹೆಸರು ಹೇಳಿ ಅವರೊಬ್ಬರ ಹತ್ತಿರವೇ ತ್ಯಾಗ ಕೇಳುವುದು ನ್ಯಾಯವಲ್ಲ.

ಕೆಳಗಿನ ಊರುಗಳ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲು ಮೇಲಿನ ಗದ್ದೆಗಳಿಗೆ ಬರಬೇಕು. ಎಕರೆ ಲೆಕ್ಕದಲ್ಲಿ, ನಾಟಿ ಆದದ್ದನ್ನು ನೋಡಿ, ನೇರ ಖಾತೆಗೆ. ಗದ್ದೆ ಗುತ್ತಿಗೆಗೆ ಮಾಡುವವರಿದ್ದರೆ ಆ ಹಣ ಮಾಡುವವರಿಗೆ ಸೇರಬೇಕು, ಪಹಣಿಯಲ್ಲಿ ಹೆಸರಿರುವವರಿಗಲ್ಲ. ಹಣದ ಜೊತೆ ಗದ್ದೆ ಬಯಲಿಗೆಲ್ಲ ಸೇರಿ ಒಂದೇ ಬೇಲಿ ಬೇಕು. ತೆನೆ ಬಂದ ವಾರದಲ್ಲಿ ಆನೆ ತುಳಿದು ಹೋದರೆ ಎಷ್ಟು ಕೊಟ್ಟರೂ ಮರುವರ್ಷ ಯಾರೂ ಗದ್ದೆಗೆ ಇಳಿಯುವುದಿಲ್ಲ.